"ದೆವ್ವ ಎಲ್ಲೈತಿ?" ಅಂತ ಕೇಳೋರ ಜೊತೆ ಸಿನಿಮಾ ನೋಡೋದು ಹೇಗೆ?

ಮೊನ್ನೆ ಶನಿವಾರ ರಾತ್ರಿ ಹುಬ್ಬಳ್ಳಿ ವಿದ್ಯಾನಗರದಲ್ಲಿ ಗೆಳೆಯನ ಮನೆಗೆ ಹೋಗಿ, ಆಸೆಯಿಂದ 'ಭೂತಕಾಲಂ' ಹಾಕಿದೆ. 2022ರ ಮಲಯಾಳಂ ಸಿನಿಮಾ. ಬಾಡಿಗೆ ಮನೆ, ಖಿನ್ನತೆಯಲ್ಲಿರುವ ತಾಯಿ, ಕೆಲಸ ಸಿಗದ ಮಗ. ತಾಯಿ ಪಾತ್ರದ ನಟಿ ರೇವತಿ ಸುಮ್ನೆ ಕೂತು ನೋಡಿದರೂ ಎದೆ ಝಲ್ ಅನ್ನುತ್ತದೆ. ಆ ಮನೆಯಲ್ಲಿ ಇರೋದು ದೆವ್ವವೋ, ಇವರ ಮನಸ್ಸಿನ ನೋವೋ ಅನ್ನೋ ಅನುಮಾನವೇ ಅದರ ಜೀವ.

ಇಪ್ಪತ್ತು ನಿಮಿಷ ಆಗಿಲ್ಲ, "ದೆವ್ವ ಎಲ್ಲೈತೋ ಮಾರಾಯಾ?" ಶುರುವಾಯಿತು. ಒಬ್ಬ ಮಿರ್ಚಿಯ ಎಣ್ಣೆ ಕೈಯಲ್ಲೇ ರಿಮೋಟ್ ಎತ್ತಿ, ಮಾತಿಲ್ಲದ ದೃಶ್ಯಗಳನ್ನೆಲ್ಲ ಓಡಿಸಿಬಿಟ್ಟ. ಅಯ್ಯೋ, ಹೆದರಿಕೆ ಇರೋದೇ ಆ ಮೌನದಲ್ಲಿ ಅಲ್ವಾ? ಊಟದಲ್ಲಿ ರೊಟ್ಟಿ ತೆಗೆದಿಟ್ಟು ಬರೀ ಉಪ್ಪಿನಕಾಯಿ ತಿಂತಾರಾ ಯಾರಾದರೂ?

ಪ್ರತಿ ಸಲ ಇದೇ ಗೋಳು. ಹಾರರ್ ಅಂದರೆ ಎಲ್ಲರ ಬಾಯಲ್ಲೂ 'ಆಪ್ತಮಿತ್ರ'. ಒಳ್ಳೆಯದೇ, ಆದರೆ ಅದು ಬಂದದ್ದು 2004ರಲ್ಲಿ! ಕಾಡಿಗೆ ಟ್ರೆಕ್ಕಿಂಗ್ ಹೋದವರ ಕ್ಯಾಮೆರಾದಲ್ಲೇ ಕಥೆ ಹೇಳಿದ ನಮ್ಮದೇ ಕನ್ನಡದ '6-5=2' 2013ರಲ್ಲೇ ಬಂತು. ಎಷ್ಟು ಜನಕ್ಕೆ ನೆನಪಿದೆ? 2018ರ ಹಿಂದಿ ಹಾರರ್ ಸಿನಿಮಾ 'ತುಂಬಾಡ್' ಅನ್ನು ಥಿಯೇಟರಿನಲ್ಲಿ ಜನ ಮುಗಿಬಿದ್ದು ನೋಡೋಕೆ 2024ರ ಮರುಬಿಡುಗಡೆವರೆಗೆ ಕಾಯಬೇಕಾಯಿತು. ಆರು ವರ್ಷ!

ಕೊನೆಗೆ ಅವತ್ತು ಟಿವಿಯಲ್ಲಿ ಕ್ರಿಕೆಟ್ ಹೈಲೈಟ್ಸ್ ಹಾಕಿದರು. ನಾನು ಮನೆಗೆ ಬಂದು, ಲೈಟ್ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಮೊದಲಿಂದ ನೋಡಿದೆ.