ಸ್ಪಷ್ಟನೆ: 21 ಗೇರ್ ಇದ್ದ ಮಾತ್ರಕ್ಕೆ ಟೂರಿಂಗ್ ಸೈಕಲ್ ಆಗದು

‘21 ಗೇರ್, ಮುಂದೆ ಸಸ್ಪೆನ್ಷನ್ ಇದ್ದರೆ ಅಗ್ಗದ ಸೈಕಲ್ಲೂ ದೂರ ಪ್ರಯಾಣಕ್ಕೆ ಸಾಕು’ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಅದು ತಪ್ಪು.

ಗೇರ್ ಎಷ್ಟು ಅನ್ನುವುದಕ್ಕಿಂತ ಹಲ್ಲು ಎಷ್ಟು ಅನ್ನುವುದು ಮುಖ್ಯ. ಮುಂದಿನ ಚಿಕ್ಕ ಚೈನ್‌ರಿಂಗ್‌ಗೆ (ಪೆಡಲ್ ಬಳಿಯ ಹಲ್ಲುಚಕ್ರ) 28, ಹಿಂದಿನ ದೊಡ್ಡ ಸ್ಪ್ರಾಕೆಟ್‌ಗೆ (ಹಿಂದಿನ ಚಕ್ರದ ಹಲ್ಲುಚಕ್ರ) 32 ಹಲ್ಲಿದ್ದರೆ ಸಾಮಾನು ಹೇರಿಕೊಂಡೂ ಘಾಟಿ ಹತ್ತಬಹುದು. ಅಗ್ಗದ 21 ಗೇರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ರೀವೀಲ್ ಹಬ್, ಅಂದರೆ ಹಲ್ಲುಚಕ್ರಗಳ ಗುಚ್ಛವನ್ನು ತಿರುಪಿ ಕೂರಿಸುವ ಬಗೆಯ ಹಿಂಚಕ್ರದ ನಡುಭಾಗ. ಅದರ ಬಲಬದಿಯ ಬೇರಿಂಗ್ ಫ್ರೇಮಿನಿಂದ ಬಹಳ ಒಳಗಿರುತ್ತದೆ. ಆಧಾರವಿಲ್ಲದ ಆ ಉದ್ದದಲ್ಲೇ, ಭಾರ ಹೇರಿ ಗುಂಡಿಗೆ ಇಳಿಸಿದಾಗ, ಆಕ್ಸಲ್ (ಚಕ್ರದ ಅಚ್ಚು) ಬಾಗುವುದು, ಕೆಲವೊಮ್ಮೆ ಮುರಿಯುವುದು. ಹಾಗಾಗಿ ಬಲಬದಿಯ ಬೇರಿಂಗ್ ಫ್ರೇಮಿನ ಹತ್ತಿರವೇ ಇರುವ ಕ್ಯಾಸೆಟ್ ಹಬ್ಬನ್ನೇ ಕೇಳಿ ಪಡೆಯಿರಿ.

ಡಾಂಬರು ರಸ್ತೆಗೆ ಅಗ್ಗದ ಸಸ್ಪೆನ್ಷನ್ ಬರೀ ಹೆಚ್ಚುವರಿ ತೂಕ. ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್ (ಮುಂಚಕ್ರ ಹಿಡಿಯುವ ಕವಲು), 35ರಿಂದ 40 ಮಿ.ಮೀ. ಟೈರ್ ಸಾಕು. ಹಿಂದಿನ ಆಕ್ಸಲ್ ಬಳಿ ಕ್ಯಾರಿಯರ್ ಬೋಲ್ಟಿಗೆ ತೂತಿದೆಯೇ ಎಂದು ಅಂಗಡಿಯಲ್ಲೇ ಬಗ್ಗಿ ನೋಡಿ. ಹಿಂದಿನ ಚಕ್ರಕ್ಕೆ 32ಕ್ಕಿಂತ ಕಡಿಮೆ ಕಡ್ಡಿಗಳಿದ್ದರೆ ಬೇಡ.