ಹತ್ತನೇ ನಂಬರ್ ಮನೆಗೆ ಪುಟ್ಟಿ

ಬಚ್ಚಲ ಗೋಡೆ ತೇವ ಹಿಡಿದು ಮೂರು ವಾರ ಆಯಿತು. ಮೇಸ್ತ್ರಿ ಬಂದ, ಬೆರಳಲ್ಲಿ ಕುಟ್ಟಿ ನೋಡಿದ. "ಒಳಗೇನಿದೆ ಅಂತ ಯಾಕೆ ತಲೆ ಕೆಡಿಸ್ಕೋತೀರಾ ಸಾರ್? ಮೇಲೆ ಎರಡು ಕೋಟ್ ಪುಟ್ಟಿ ಎಳೆದ್ರೆ ಗೊತ್ತೇ ಆಗಲ್ಲ" ಅಂದ. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಬ್ರಿಟನ್ ಪ್ರಧಾನಿಯ ಮನೆ ನಿಂತಿರುವುದೂ ಇದೇ ಸಿದ್ಧಾಂತದ ಮೇಲೆ ಅಲ್ವಾ?

ಸುಧಾ ಮೂರ್ತಿಯವರು ಲಂಡನ್ನಿಗೆ ಹೋದಾಗ ಉಳಿಯುವ ವಿಳಾಸ '10, ಡೌನಿಂಗ್ ಸ್ಟ್ರೀಟ್' ಅಂತ ಬರೆದುಕೊಟ್ಟರೆ, ವಲಸೆ ಅಧಿಕಾರಿ "ತಮಾಷೆನಾ?" ಅಂದನಂತೆ. ಆಗ ಪ್ರಧಾನಿಯಾಗಿದ್ದ ಅಳಿಯ ರಿಷಿ ಸುನಕ್ ಮನೆ ಅಂದರೆ ಯಾರು ನಂಬ್ತಾರೆ? ಆದರೆ ಆ ಮನೆಯ ಕಥೆ ಓದಿದವರಿಗೆ ಅವನ ಪ್ರಶ್ನೆ ಸರಿಯಾಗಿಯೇ ಇದೆ ಅನಿಸುತ್ತದೆ.

ಕಟ್ಟಿಸಿದಾತ ಜಾರ್ಜ್ ಡೌನಿಂಗ್. ಮೊದಲು, ರಾಜನ ಆಳ್ವಿಕೆಯನ್ನೇ ಉರುಳಿಸಿದ ಕ್ರಾಮ್‌ವೆಲ್ ಕಡೆಯ ಬೇಹುಗಾರ. ಗಾಳಿ ತಿರುಗಿತು, ರಾಜ ವಾಪಸ್ ಬಂದ, ಇವನೂ ತಿರುಗಿದ. ಹಳೇ ಗೆಳೆಯರನ್ನು ಹಿಡಿದುಕೊಟ್ಟ. ಅವರಿಗೆ ಮರಣದಂಡನೆ, ಇವನಿಗೆ ಬಿರುದು. ನಮ್ಮ ಪಕ್ಷಾಂತರಿಗಳು ಫೋಟೋ ಹಾಕಿ ಪೂಜೆ ಮಾಡಬೇಕಾದ ಮನುಷ್ಯ. ಆಮೇಲೆ ರಿಯಲ್ ಎಸ್ಟೇಟಿಗೆ ಇಳಿದ. 1682ರಿಂದ 1684ರ ನಡುವೆ ಜೌಗು ನೆಲದ ಮೇಲೆ ಆಳವಿಲ್ಲದ ಪಾಯ ಹಾಕಿ ಸಾಲು ಮನೆ ಎಬ್ಬಿಸಿದ. ಇಟ್ಟಿಗೆಗಳ ನಡುವಿನ ಗಾರೆ ಅಚ್ಚುಕಟ್ಟಾಗಿ ಕಾಣಬೇಕಲ್ಲ? ಗೋಡೆಯ ಮೇಲೆ ಗಾರೆಯ ಗೆರೆಗಳನ್ನು ಬಣ್ಣದಲ್ಲಿ ಬರೆಸಿಬಿಟ್ಟ! ನಮ್ಮ ಮೇಸ್ತ್ರಿ ಪುಟ್ಟಿಯನ್ನಾದರೂ ತರ್ತಾನೆ. ಲಾಭಕೋರ ಗುತ್ತಿಗೆದಾರ ಕಟ್ಟಿದ ಅಲ್ಲಾಡುವ ಮನೆ ಅಂತ ಅಲ್ಲೇ ಬಾಳಿದ ಚರ್ಚಿಲ್ ಬರೆದಿದ್ದಾರೆ. ಬೀದಿಗೆ ಮಾತ್ರ ಇವತ್ತಿಗೂ ಆ ಗುತ್ತಿಗೆದಾರನದೇ ಹೆಸರು.

1960ರಲ್ಲಿ ಇನ್ನು ತಡೆಯಲ್ಲ ಅಂತಾಯಿತು. ಪ್ರಧಾನಿ ಮ್ಯಾಕ್‌ಮಿಲನ್ ಗಂಟುಮೂಟೆ ಕಟ್ಟಿ ಬೇರೆ ಮನೆಗೆ ಹೋದರು. ಎರಡು ವರ್ಷದ ಕೆಲಸ ಮೂರು ವರ್ಷ ಹಿಡಿಯಿತು, ಖರ್ಚು ಅಂದಾಜು ದಾಟಿ ಓಡಿತು. ಎಲ್ಲಾ ಮುಗಿಯಿತು ಅನ್ನುವಾಗ ಮರಕ್ಕೆ ಬೂಷ್ಟು ಹಿಡಿದಿರುವುದು ಕಂಡಿತು, ಮತ್ತೆ ಕಿತ್ತರು. ಈ ಗಲಾಟೆಯಲ್ಲೇ ಇನ್ನೊಂದು ಪತ್ತೆಯಾಯಿತು. ಲೋಕವೆಲ್ಲ ಕಪ್ಪು ಅಂದುಕೊಂಡಿದ್ದ ಇಟ್ಟಿಗೆ ಅಸಲಿಗೆ ಹಳದಿ! ಕಪ್ಪಾಗಿದ್ದುದು ಲಂಡನ್ನಿನ ಹೊಗೆಗೆ. ಮಸಿ ತೊಳೆದರು. ತೊಳೆದ ಮೇಲೆ ಗುರುತೇ ಸಿಗುತ್ತಿಲ್ಲ ಅಂತ ಮತ್ತೆ ಕಪ್ಪು ಬಣ್ಣ ಬಳಿದರು. ಕೊಳೆಗೂ ಪರಂಪರೆಯ ಸ್ಥಾನ! ಬಾಗಿಲ ಮೇಲಿನ 10ರ ಸೊನ್ನೆಯೂ ಸೊಟ್ಟ, ಅದನ್ನೂ ಜೋಪಾನವಾಗಿ ಸೊಟ್ಟಗೇ ಇಟ್ಟುಕೊಂಡಿದ್ದಾರೆ. ನಮ್ಮ ಹಾಲಿನ ಸ್ವಿಚ್ ಬೋರ್ಡು ಸೊಟ್ಟಗಿದೆ ಅಂತ ಮನೆಯವಳು ಇನ್ನೊಮ್ಮೆ ಅಂದರೆ ಇದನ್ನೇ ಹೇಳ್ತೀನಿ.

ಇನ್ನು ವಾಲ್‌ಪೇಪರ್ ಪುರಾಣ. ಪಕ್ಕದ 11ನೇ ನಂಬರಿನ ಮೇಲಿನ ಫ್ಲಾಟಿನಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಸಂಸಾರ. ಮನೆ ರಿಪೇರಿಗೆ ಸರ್ಕಾರ ವರ್ಷಕ್ಕೆ 30,000 ಪೌಂಡ್ ಕೊಡುತ್ತದೆ. ಪಾಪ, ಸಾಲಲಿಲ್ಲ. ಮಿಕ್ಕಿದ್ದಕ್ಕೆ ಪಕ್ಷದ ದಾನಿಯೊಬ್ಬರು ಹಣ ಹಾಕಿದರು. ಲೆಕ್ಕ ಸರಿಯಾಗಿ ತೋರಿಸಲಿಲ್ಲ ಅಂತ 2021ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗ ಪಕ್ಷಕ್ಕೆ 17,800 ಪೌಂಡ್ ದಂಡ ಹಾಕಿತು. ದಂಡವೂ ಪಕ್ಷದ ಜೇಬಿನಿಂದ. ಗೋಡೆ ನೋಡಿ ಖುಷಿಪಟ್ಟವರಿಗೆ ಆ ದಂಡದಲ್ಲಿ ಚಿಲ್ಲರೆಯೂ ನಷ್ಟವಿಲ್ಲ.

ಇಲ್ಲಿಗೆ ನನ್ನ ತಮಾಷೆ ಮುಗಿಯಿತು. ಅದು 2020. ಕೋವಿಡ್ಡಿನಲ್ಲಿ ಜನ ಹೆತ್ತವರ ಮುಖವನ್ನು ಕೊನೆಗೆ ಫೋನಿನಲ್ಲಿ ನೋಡಿದ ವರ್ಷ. ನಿಯಮ ಬರೆದ ಮನೆಯಲ್ಲೇ ಪಾರ್ಟಿ. ಆಮೇಲೆ 2022ರಲ್ಲಿ ಜಾನ್ಸನ್ನರಿಗೂ ದಂಡ, ನಮ್ಮ ಅಳಿಯಂದಿರು ಸುನಕ್‌ಗೂ ದಂಡ. ಕಟ್ಟಿದರು, ಕ್ಷಮೆ ಕೇಳಿದರು, ಅಳಿಯಂದಿರು ಅದೇ ವರ್ಷ ಪ್ರಧಾನಿಯೂ ಆದರು. ಥೂ, ಸಾಕಾಗಿದೆ ಇದನ್ನೆಲ್ಲ ಓದಿ.

ಈ ಪಾರ್ಟಿಗಳ ತನಿಖೆ ಮಾಡಿದ ಹಿರಿಯ ಅಧಿಕಾರಿ ಸ್ಯೂ ಗ್ರೇ ಅವರ ವರದಿಯಲ್ಲಿ ಒಂದು ಸಾಲು ಇದೆ. 2020ರ ಡಿಸೆಂಬರ್ 18ರ ರಾತ್ರಿಯ ಪಾರ್ಟಿ ಮುಗಿದ ಮರುದಿನ ಬೆಳಿಗ್ಗೆ ಕಸ ಗುಡಿಸುವವರು ಬಂದು ನೋಡಿದರೆ ಗೋಡೆಯ ಮೇಲೆ ಕೆಂಪು ವೈನ್. ಜೆರಾಕ್ಸ್ ಕಾಗದದ ಡಬ್ಬಗಳ ಮೇಲೂ ವೈನ್.