ಅದಕ್ಕ ನೀರು ಬ್ಯಾಡವ್ವಾ!

ಇದನ್ನು ಎಡಗೈಯ ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ಬಲಗೈ ಸದ್ಯಕ್ಕೆ ರಜೆಯಲ್ಲಿದೆ. ಅಂಗೈ ತುಂಬ ಮುಳ್ಳು. ಎಷ್ಟಿವೆ ಗೊತ್ತಿಲ್ಲ, ಎಲ್ಲಿವೆ ಅಂತಲೂ ಗೊತ್ತಿಲ್ಲ, ಕಣ್ಣಿಗೇ ಕಾಣುವುದಿಲ್ಲ. ಆದರೆ ಅಂಗಿಯ ಗುಂಡಿ ಹಾಕುವಾಗ, ಸ್ಕೂಟರ್ ಕೀ ತಿರುವುವಾಗ, ರೊಟ್ಟಿ ಮುರಿಯುವಾಗ ಚುರ್ ಅಂತ ಹಾಜರಿ ಹೇಳುತ್ತವೆ. ರೊಟ್ಟಿ ಮುರಿಯಲಾಗದವನು ಧಾರವಾಡದಲ್ಲಿದ್ದು ಏನು ಪ್ರಯೋಜನ?

ಇದಕ್ಕೆಲ್ಲ ಕಾರಣ ಗೇಣುದ್ದದ ಒಂದು ಕಳ್ಳಿ ಗಿಡ. ಗಿಡಕ್ಕಿಂತ ಜಾಸ್ತಿ, ನಮ್ಮವ್ವ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿದ್ದೆ. ಹೊಲವಿಲ್ಲದವರೇ ಅಲ್ಲಿಗೆ ಹೆಚ್ಚು ಹೋಗುತ್ತಾರೆ ಅನ್ನುವುದು ನನ್ನ ಅನುಮಾನ. ಟ್ರ್ಯಾಕ್ಟರ್ ಮೇಲೆ ಕೈಯಾಡಿಸಿ, ಗಿರಮಿಟ್ ತಿಂದು, ವಾಪಸ್ ಬರುವಾಗ ರಸ್ತೆ ಬದಿಯ ಗಾಡಿಯಲ್ಲಿ ಈ ಗಿಡ ಕಂಡಿತು. ಮೊಲದ ಕಿವಿಯಂಥ ಚಪ್ಪಟೆ ಹಸಿರು ತುಂಡುಗಳು, ಒಂದರ ತಲೆಯ ಮೇಲೆ ಒಂದು. ಮೈತುಂಬ ಸಾಲಾಗಿ ಹಳದಿ ಚುಕ್ಕಿ. ಒಂದೇ ಒಂದು ದೊಡ್ಡ ಮುಳ್ಳಿಲ್ಲ. ದೂರದಿಂದ ನೋಡಿದರೆ ಮಖಮಲ್ಲಿನ ಬಟ್ಟೆ. ಮೂಲ ಊರು ಮೆಕ್ಸಿಕೊ. ಗಾಡಿಯವನು ಹೇಳಿದ ಮಾತು ನನಗೆ ಬಹಳ ಹಿಡಿಸಿತು. "ಏನೂ ಮಾಡೂದು ಬ್ಯಾಡ್ರಿ ಸರ್. ಸುಮ್ನ ಇಟ್ಟಬಿಡ್ರಿ."

ಸುಮ್ನೆ ಇಡುವುದು! ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಗಿಡ. ಎಂಬತ್ತು ರೂಪಾಯಿ ಕೊಟ್ಟು ತಂದೆ.

ಅವ್ವ ಬಾಗಿಲಲ್ಲೇ ತಡೆದಳು. "ಇದೇನೋ ತಮ್ಮಾ, ಹೊಲದ ಬದುವಿನ ಡಬಗಳ್ಳಿ ರೊಕ್ಕಾ ಕೊಟ್ಟು ತಂದಿಯೇನು?" ಮುಳ್ಳಿನ ಗಿಡ ಮನೆಯೊಳಗಿದ್ದರೆ ಜಗಳ ಆಗುತ್ತವಂತೆ. ಈ ಗಿಡ ಬರುವ ಮೊದಲು ನಮ್ಮ ಮನೆಯಲ್ಲಿ ಏನು ಭಜನೆ ನಡೆಯುತ್ತಿತ್ತಾ? ಸುಮ್ಮನಿದ್ದೆ. ಆದರೆ ಅವ್ವನ ಸಿಟ್ಟಿನ ಆಯುಷ್ಯ ಬಹಳ ಕಡಿಮೆ. ಎರಡು ದಿನಕ್ಕೆ ಕರಗಿತು. ಕರಗಿದ್ದೇ ತಪ್ಪಾಯಿತು, ಯಾಕೆಂದರೆ ಮೂರನೇ ದಿನ ನಳದಲ್ಲಿ ನೀರು ಬಂತು.

ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ. ಅದೂ ರಾತ್ರಿ ಒಂದೂವರೆಗೋ ಎರಡಕ್ಕೋ. ನಿಮಗೂ ಗೊತ್ತಿರುವ ಕಥೆಯೇ ಅಲ್ವಾ? ನಳ ಮೊದಲು ಸುಸ್ ಅಂತ ಗಾಳಿ ಬಿಡುತ್ತದೆ. ಆ ಸಪ್ಪಳಕ್ಕೆ ಇಡೀ ಓಣಿ ಎದ್ದು ಕೂರುತ್ತದೆ. ಗುಡುಗಿಗೆ ಏಳದ ಅವ್ವ ಈ ಸುಸ್‌ಗೆ ಏಳುತ್ತಾಳೆ. ಎದ್ದವಳು ಮಾಡುವ ಮೊದಲ ಕೆಲಸ ನೀರು ತುಂಬುವುದಲ್ಲ, ಇದ್ದ ನೀರು ಖಾಲಿ ಮಾಡುವುದು. ಅದು "ಹಳೇ ನೀರು". ನನಗೆ ಇವತ್ತಿಗೂ ಅರ್ಥವಾಗದ ಲೆಕ್ಕ ಇದು. ಆರು ದಿನ ಅದೇ ನೀರು ಕುಡಿದಿದ್ದೇವೆ. ಮಲಗುವ ಮುಂಚೆ ಅದೇ ಕೊಡದಿಂದ ಒಂದು ತಂಬಿಗೆ ತಲೆದಿಂಬಿನ ಹತ್ತಿರ ಇಟ್ಟುಕೊಂಡಿರುತ್ತೇವೆ. ನಳ ಸುಸ್ ಅಂದ ಕ್ಷಣ ಅದು ಹಳೇ ನೀರು! ಬಾಯಿಗಿಡುವಂತಿಲ್ಲ. ಹಾಗಂತ ಚೆಲ್ಲುವಂತೆಯೂ ಇಲ್ಲ, ನೀರು ಚೆಲ್ಲಿದರೆ ಲಕ್ಷ್ಮಿ ಹೋಗುತ್ತಾಳೆ. ಹಾಗಾಗಿ ಗಿಡಕ್ಕೆ. ತುಳಸಿಗೆ, ದಾಸವಾಳಕ್ಕೆ, ಮಲ್ಲಿಗೆ ಬಳ್ಳಿಗೆ, ಕರಿಬೇವಿಗೆ. ಸಾಲಿನ ಕೊನೆಯಲ್ಲಿ ನಮ್ಮ ಮೆಕ್ಸಿಕೊದ ಅತಿಥಿ. ಅದಕ್ಕೂ ಒಂದು ತಂಬಿಗೆ. ಪಂಕ್ತಿಭೇದ ಇಲ್ಲ.

"ಅವ್ವಾ, ಅದಕ್ಕ ನೀರು ಬ್ಯಾಡವ್ವಾ."

"ಜೀವ ಇದ್ದದ್ದಕ್ಕ ನೀರು ಬ್ಯಾಡಂದ್ರ ಹೆಂಗೋ?"

ಸರಿ, ವಿಜ್ಞಾನ ಹೇಳೋಣ ಅಂತ ಕೂತೆ. ನೋಡವ್ವಾ, ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಉಸಿರಾಡುತ್ತವೆ, ಆಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಈ ಕಳ್ಳಿ ಜಾಣ. ಹಗಲು ಎಲ್ಲ ಮುಚ್ಚಿಕೊಂಡು ಕೂತು, ರಾತ್ರಿ ತಂಪು ಹೊತ್ತಿನಲ್ಲಿ ಮಾತ್ರ ತೆರೆಯುತ್ತದೆ. ಹಾಗಾಗಿ ಒಳಗಿನ ನೀರು ಉಳಿಯುತ್ತದೆ, ಮೇಲೆ ಹಾಕಬೇಕಿಲ್ಲ. ಅವ್ವ ಗಮನವಿಟ್ಟು ಕೇಳಿದಳು. ಮುಂದಿನ ವಾರ ಎರಡು ತಂಬಿಗೆ ಸುರಿದಿದ್ದಳು. ಕೇಳಿದರೆ, "ನೀನ ಹೇಳಿದೆಲ್ಲೋ, ಅದು ರಾತ್ರಿ ಎಚ್ಚರ ಇರತೈತಿ ಅಂತ. ನೀರೂ ರಾತ್ರಿನ ಬರತಾವು. ಚೊಲೋ ಆತು."

ಬಚ್ಚಿಡತೊಡಗಿದೆ. ಫ್ರಿಜ್ ಮೇಲೆ ಇಟ್ಟೆ, ಸಿಕ್ಕಿತು. ಬಚ್ಚಲಮನೆಯ ಗವಾಕ್ಷಿಯಲ್ಲಿ ಇಟ್ಟೆ, "ಪಾಪ, ಯಾರೋ ಮರತು ಇಲ್ಲಿಟ್ಟಾರ" ಅಂತ ಅಲ್ಲೇ ಸ್ನಾನ ಮಾಡಿಸಿದಳು. ಕೊನೆಗೆ ಕಪಾಟಿನ ಮೇಲೆ, ಸೂಟ್‌ಕೇಸಿನ ಹಿಂದೆ. ಅಲ್ಲಿ ಒಂದು ತಿಂಗಳು ಬಚಾವಾಯಿತು. ನೀರಿನಿಂದ ಬಚಾವಾಯಿತು ಅಷ್ಟೇ, ಬಿಸಿಲಿಲ್ಲದೆ ಹೊಸ ಕಿವಿಗಳು ಪೆನ್ಸಿಲಿನ ಹಾಗೆ ಉದ್ದಕ್ಕೆ, ತೆಳ್ಳಗೆ, ಬಿಳಿಚಿಕೊಂಡು ಬೆಳೆದವು. ಇದು ನನ್ನ ಪಾಲಿನ ತಪ್ಪು, ಒಪ್ಪುತ್ತೇನೆ. ಅದನ್ನು ನೋಡಿ ಅವ್ವ ಗೆದ್ದವಳಂತೆ, "ಹೊಟ್ಟಿಗೆ ಇಲ್ಲದ ಸೊರಗೇತಿ" ಅಂದಳು. ನವಲಗುಂದದ ಕಡೆಯ ಮಾವನ ಹೊಲದಿಂದ ಒಂದು ಚೀಲ ಎರಿ ಮಣ್ಣು ತರಿಸಿ ಕುಂಡಕ್ಕೆ ತುಂಬಿದಳು. ಹತ್ತಿಗೆ, ಜೋಳಕ್ಕೆ, ಕಡಲೆಗೆ ಬಂಗಾರದಂಥ ಮಣ್ಣು ಅದು. ಒಮ್ಮೆ ಕುಡಿದ ನೀರನ್ನು ಬಿಟ್ಟುಕೊಡುವುದಿಲ್ಲ. ಕಳ್ಳಿಗೆ ಬೇಕಾದದ್ದು ಉಸುಕು ಬೆರೆತ, ಹಾಕಿದ ನೀರು ಹಾಗೇ ಇಳಿದುಹೋಗುವ ಮಣ್ಣು. ಜೊತೆಗೆ ನಮ್ಮ ಜುಲೈನ ಜಿಟಿಜಿಟಿ ಮಳೆ. ಬುಡದ ಕಿವಿ ಕಂದು ಬಣ್ಣಕ್ಕೆ ತಿರುಗಿ, ಅತಿ ಹಣ್ಣಾದ ಬಾಳೆಹಣ್ಣಿನಂತೆ ಮೆತ್ತಗಾಯಿತು.

ಒಂದು ಕಾಲಕ್ಕೆ ಡಬಗಳ್ಳಿ ದಕ್ಷಿಣ ಭಾರತದ ಹೊಲಗಳನ್ನೆಲ್ಲ ನುಂಗುತ್ತಿತ್ತಂತೆ. ಅದನ್ನು ಹತ್ತಿಕ್ಕಲು 1926ರಲ್ಲಿ ಸಿಲೋನಿನಿಂದ ಅದರ ರಸ ಹೀರುವ ಒಂದು ಕೀಟವನ್ನೇ ತರಿಸಬೇಕಾಯಿತು. ಅಷ್ಟೆಲ್ಲ ತ್ರಾಸು ಯಾಕೆ ತೆಗೆದುಕೊಂಡರೋ. ನಮ್ಮವ್ವನಂಥ ನಾಲ್ಕು ಮಂದಿಗೆ ತಂಬಿಗೆ ಕೊಟ್ಟು ಬಿಟ್ಟಿದ್ದರೆ ಸಾಕಿತ್ತು.

ಬುಡ ಕೊಳೆತರೆ ಮೇಲಿನ ಚೊಲೋ ಕಿವಿಗಳನ್ನು ಕತ್ತರಿಸಿ ಉಳಿಸಿಕೊಳ್ಳಬೇಕು. ಅವು ಬೇರೆ ಬೇರು ಬಿಡುತ್ತವೆ. ಹೋದ ಭಾನುವಾರ ಶಸ್ತ್ರಚಿಕಿತ್ಸೆ ಇಟ್ಟುಕೊಂಡೆ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಪೇಪರನ್ನು ಪಟ್ಟಿಯಂತೆ ಮಡಚಿ ಕಿವಿಗೆ ಸುತ್ತಿ ಎಡಗೈಲಿ ಹಿಡಿದೆ. ಎರಡು ಕಿವಿ ಕೂಡುವ ಸಣ್ಣ ಸೊಂಟಕ್ಕೆ ಚಾಕು ಇಟ್ಟೆ. ಕಚ್ ಅಂತ ಸೌತೆಕಾಯಿಯ ಹಾಗೆ ಕತ್ತರಿಸಿತು. ಅಲ್ಲಿಯವರೆಗೆ ಎಲ್ಲ ಪದ್ಧತಿ ಪ್ರಕಾರ. ಅಷ್ಟರಲ್ಲಿ ಪೇಪರ್ ಸಡಿಲಾಗಿ ಕಿವಿ ಜಾರಿತು. ಬೀಳುವುದನ್ನು ಹಿಡಿಯುವುದು ಮಧ್ಯಮ ವರ್ಗದ ಚಟ. ಚಹಾದ ಕಪ್ಪಿಗೂ ಹಾಗೇ, ಮೊಬೈಲಿಗೂ ಹಾಗೇ. ಚಾಕು ಬಿಟ್ಟು ಬಲಗೈ ಪೂರ್ತಿ ತೆರೆದು ಕಿವಿ ಹಿಡಿದೆ. ಕನ್ನಡ ಶಾಲೆಯ ಮಾಸ್ತರರು ಹಿಡಿಸಿದ ಕಿವಿಯೂ ಇಷ್ಟು ದುಬಾರಿಯಾಗಿರಲಿಲ್ಲ.

ತಮಾಷೆ ಏನಂದರೆ, ನೋಯಲೇ ಇಲ್ಲ. ಕಿವಿಯನ್ನು ಕೆಳಗಿಟ್ಟು ಅಂಗೈ ನೋಡಿದೆ. ಅರಿಶಿನ ಸವರಿದಂತೆ ಹಳದಿ. ಪುಡಿ ಇರಬೇಕು ಅಂತ ಲುಂಗಿಗೆ ಒರೆಸಿದೆ. ಸೆಕೆ ಆಗಿತ್ತು, ಅದೇ ಕೈಯಿಂದ ಕುತ್ತಿಗೆ ಒರೆಸಿಕೊಂಡೆ. ಮೂಗು ತುರಿಸಿತು, ಅದನ್ನೂ ತಿಕ್ಕಿದೆ. ಎರಡು ನಿಮಿಷ ಶಾಂತಿ. ಆಮೇಲೆ ಶುರುವಾಯಿತು. ಜೋಳದ ಸುಂಕು ಮೈಗೆ ಹತ್ತಿದವರಿಗೆ ಗೊತ್ತು ಆ ಕಡಿತ. ಅದಕ್ಕೆ ಸೂಜಿ ಕಟ್ಟಿ ಬಿಟ್ಟರೆ ಇದು. ಆ ಮುದ್ದಾದ ಒಂದೊಂದು ಚುಕ್ಕಿಯಲ್ಲೂ ಕೂದಲಿಗಿಂತ ಸಣ್ಣ ಮುಳ್ಳುಗಳ ಗೊಂಚಲು. ಮುಟ್ಟಿದರೆ ಸಾಕು, ಕಳಚಿ ಬರುತ್ತವೆ. ತುದಿಯಲ್ಲಿ ಹಿಮ್ಮುಖ ಕೊಕ್ಕೆ ಬೇರೆ, ಒಳಗೆ ಹೋಗುವ ದಾರಿ ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. ದಸರೆಗೆ ಬಂದ ನೆಂಟರ ಹಾಗೆ.

ಹೆಂಡತಿ ಸೆಲೊಟೇಪ್ ಅಂಟಿಸಿ ಕಿತ್ತಳು. ಮುಳ್ಳಿಗಿಂತ ಜಾಸ್ತಿ ಕೂದಲು ಬಂತು. ಮಗ ಮೊಬೈಲ್ ಟಾರ್ಚ್ ಹಿಡಿದು ಎಣಿಸುತ್ತ ಕೂತ. ಫೆವಿಕಾಲ್ ಸವರಿ, ಒಣಗಿಸಿ, ಸಿಪ್ಪೆಯಂತೆ ಸುಲಿದೆವು. ಒಂದಿಷ್ಟು ಬಂದವು, ಮರುದಿನ ಆಫೀಸಿನಲ್ಲಿ ಹೆಬ್ಬೆಟ್ಟಿನ ಹಾಜರಿ ಯಂತ್ರ ಮಾತ್ರ ನನ್ನನ್ನು ಗುರುತಿಸಲಿಲ್ಲ. ಹನ್ನೆರಡು ಸಲ ಒತ್ತಿದೆ. ಒತ್ತಿದಾಗಲೆಲ್ಲ ನಾನು "ಹಾಯ್" ಅನ್ನುತ್ತಿದ್ದೆ, ಅದು "ಮತ್ತೊಮ್ಮೆ ಪ್ರಯತ್ನಿಸಿ" ಅನ್ನುತ್ತಿತ್ತು. ತಡವಾಗಿದ್ದಕ್ಕೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕಿತ್ತು. "ಕಳ್ಳಿ" ಅಂತ ಬರೆದು ಸಹಿ ಮಾಡಿದೆ, ಎಡಗೈಲಿ.

ಅವತ್ತು ಸಂಜೆ ಅವ್ವ ಬಳೆಗೆ ಸಿಗಿಸಿಕೊಂಡ ಪಿನ್ನು ಬಿಚ್ಚಿ ನನ್ನ ಕೈ ತೊಡೆಯ ಮೇಲೆ ಇಟ್ಟುಕೊಂಡಳು. ಸಣ್ಣವನಿದ್ದಾಗ ಮಾವನ ಹೊಲದ ಬದುವಿನಲ್ಲಿ ಡಬಗಳ್ಳಿ ಹಣ್ಣು ಕಿತ್ತು, ಮಣ್ಣಿಗೆ ತಿಕ್ಕಿ ತಿನ್ನುತ್ತಿದ್ದೆವು. ಬಾಯೆಲ್ಲ ಕೆಂಪು, ನಾಲಿಗೆಗೆ ಮುಳ್ಳು. ಆಗ ಇದೇ ಅವ್ವ ಕಂದೀಲಿನ ಬೆಳಕಿನಲ್ಲಿ ನಾಲಿಗೆ ಹಿಡಿದು ಒಂದೊಂದೇ ತೆಗೆದಿದ್ದಳು, ನಡುನಡುವೆ ಒಂದು ಏಟು ಹಾಕಿ. ಈಗ ಟ್ಯೂಬ್‌ಲೈಟ್ ಕೆಳಗೆ ಕೂತರೂ, ಚಾಳೀಸು ಹಾಕಿಕೊಂಡರೂ ಅವಳಿಗೆ ಮುಳ್ಳು ಕಾಣಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಒತ್ತಿ "ಇಲ್ಲೇನು?" ಅನ್ನುತ್ತಿದ್ದಳು. "ಅಲ್ಲ." "ಇಲ್ಲಿ?" "ಹೂಂ." ಅರ್ಧ ಗಂಟೆಯಲ್ಲಿ ಬಂದದ್ದು ಎರಡು. ನಾನು ಎಲ್ಲ ಬಂದವು ಅಂದೆ.

ಕತ್ತರಿಸಿದ ಮೂರು ಕಿವಿಗಳನ್ನು ಕಪಾಟಿನ ಮೇಲೆ ಪೇಪರ್ ಹಾಸಿ ಇಟ್ಟಿದ್ದೆ. ಗಾಯ ಒಣಗಿ ಚೆಕ್ಕೆಗಟ್ಟಬೇಕು, ಒಂದು ವಾರ ಹತ್ತು ದಿನ ಬೇಕು. ಆಮೇಲೆಯೇ ಮಣ್ಣು. ಅಲ್ಲಿಯವರೆಗೆ ಹನಿ ನೀರೂ ತಾಕಬಾರದು. ಇದನ್ನು ಮನೆಯವರಿಗೆಲ್ಲ ಕೂರಿಸಿ ಹೇಳಿದ್ದೆ. ಅವ್ವನಿಗೆ ಎರಡು ಸಲ.

ನಿನ್ನೆ ರಾತ್ರಿ ನಳ ಬಂತು. ಬೆಳಗ್ಗೆ ನೋಡಿದರೆ ಪೇಪರ್ ಒದ್ದೆ.

"ಮಣ್ಣೂ ಇಲ್ಲಲ್ಲೋ ಪಾಪ ಅದಕ್ಕ," ಅಂದಳು ಅವ್ವ. "ಹಳೇ ನೀರು ಹಾಕಿಲ್ಲ ಮತ್ತ. ಹೊಸಾವ ಚಿಮುಕಿಸೀನಿ."